ನಡುಮನೆಯ ರೈಲು

ಟೈಲರಮ್ಮ ಒಳ್ಳೆಯ ಬಟ್ಟೆಗೆ ನೇರವಾಗಿ ಕತ್ತರಿ ಹಾಕಿದವಳೇ ಅಲ್ಲ. ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಒಂದು ಕಚ್ಚಾ ಅಂಗಿ ಹೊಲಿದು, ಗಿರಾಕಿಗೆ ತೊಡಿಸಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂದು ನೋಡಿ, ಆಮೇಲೇ ಅಸಲಿ ಬಟ್ಟೆಗೆ ಕೈ ಹಾಕುವುದು. ಈ ಚಾಳಿ ಅಂಗಡಿಯಲ್ಲೇ ಇದ್ದಿದ್ದರೆ ಸರಿ. ಮನೆಗೂ ತಂದಳು ನೋಡಿ, ಅಲ್ಲಿಂದ ಶುರುವಾಯಿತು ಫಜೀತಿ.

ಈ ಬೇಸಿಗೆಗೆ ಗಂಡ, ತಾನು, ನಾಲ್ಕು ವರ್ಷದ ಮಗಳು ಚೋಟು, ಮೂವರೂ ರೈಲಿನಲ್ಲಿ ಗಡಿ ದಾಟಿ ಪಕ್ಕದ ದೇಶ ನೋಡಿಬರುವುದೆಂದು ಗೊತ್ತುಮಾಡಿದ್ದರು. ಊರವರ ಪ್ರವಾಸಕ್ಕೆಲ್ಲ ಕೋಟು ಹೊಲಿದುಕೊಟ್ಟವಳು ಅವಳು. ತಾನು ಮಾತ್ರ ಗಡಿಯಾಚೆ ಕಾಲಿಟ್ಟಿರಲಿಲ್ಲ. ಕೈಯಲ್ಲಿ ಸೂಜಿಯಿಲ್ಲದೆ ಕಿಟಕಿಯ ಪಕ್ಕ ಸುಮ್ಮನೆ ಕೂರಬೇಕು, ಬೆಟ್ಟ ಬಂದರೆ ಬೆಟ್ಟ, ಕೆರೆ ಬಂದರೆ ಕೆರೆ ನೋಡಬೇಕು, ಅಷ್ಟೇ ಅವಳ ಆಸೆ. ಅಡ್ಡಿ ಇದ್ದದ್ದು ಒಂದೇ. ಹೋದ ವರ್ಷ ದೊಡ್ಡಮ್ಮನ ಮನೆಗೆ ಹೊರಟಾಗ ಚೋಟು ಹೇಗೆ ಕಿರುಚಿದ್ದಳೆಂದರೆ, ಡ್ರೈವರೇ ಬಸ್ಸು ನಿಲ್ಲಿಸಿ, "ತಾಯಿ, ಇಲ್ಲೇ ಇಳ್ಕೊಳ್ತೀರಾ?" ಎಂದು ಕೇಳಿದ್ದ.

"ಮನೇಲೇ ಒಂದು ಸಲ ಟ್ರಯಲ್ ನೋಡ್ಬಿಡೋಣ," ಎಂದಳು ಟೈಲರಮ್ಮ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಎಂದ ಗಂಡ. ಅವನು ಬೇಕರಿಯವನು. ನಸುಕಿಗೇ ಎದ್ದು ಒಲೆ ಹೊತ್ತಿಸುವವನಾದ್ದರಿಂದ ಕೂತಲ್ಲೇ ನಿದ್ದೆ ಹೋಗುವ ವಿದ್ಯೆ ಅವನಿಗೆ ಸಿದ್ಧಿಸಿತ್ತು.

ಭಾನುವಾರ ನಡುಮನೆಯಲ್ಲಿ ಕುರ್ಚಿಗಳ ರೈಲು ಹೊರಟಿತು. ಅಪ್ಪ ಮಗಳು ಪ್ರಯಾಣಿಕರು. ಮಿಕ್ಕಿದ್ದೆಲ್ಲ ಟೈಲರಮ್ಮನೇ. ಟಿಕೆಟು ನೋಡುವವಳು ಅವಳು, ಬ್ರೆಡ್ಡು ಬಾಳೆಹಣ್ಣು ಮಾರುವವಳು ಅವಳು, ಗಂಡನ ಟೋಪಿ ಹಾಕಿ, ಮೀಸೆ ಬರೆದುಕೊಂಡು ಪಾಸ್‌ಪೋರ್ಟ್ ಕೇಳುವ ಗಡಿ ಆಫೀಸರೂ ಅವಳೇ. ಅದೂ ಸಾಲದೆಂದು ಹಸಿರು ಬಟ್ಟೆಯ ಥಾನು ಬಿಚ್ಚಿ, ಕಿಟಕಿಯಾಚೆ ವರಾಂಡದಲ್ಲಿ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಓಡಿದಳು. ಅದು ಬೆಟ್ಟ. ಆಮೇಲೆ ನೀಲಿ ಸ್ಯಾಟಿನ್. ಅದು ಕೆರೆ. ಬೇಕರಿಯವನು ಮೊದಲ ಬೆಟ್ಟಕ್ಕೇ ಗೊರಕೆ ಹೊಡೆದ. ಚೋಟು ಮಾತ್ರ ಒಂದು ಸಲವೂ ಅಳಲಿಲ್ಲ. ಸೊಂಟ ಹಿಡಿದುಕೊಂಡರೂ ಟೈಲರಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮರುದಿನ ಚೋಟುವಿನ ಟೀಚರ್ ಶಾಲೆಯ ಬಾಗಿಲಲ್ಲೇ ಹಿಡಿದರು. "ಫಾರಿನ್ ಟೂರ್ ಮುಗಿಸ್ಕೊಂಡು ಬಂದ್ರಂತೆ? ನೀವು ಹೇಳ್ಲೇ ಇಲ್ಲ."

ಟೈಲರಮ್ಮನಿಗೆ ನಗು ಬಂತು. ಸಂಜೆ ಟಿಕೆಟ್ ಬುಕ್ ಮಾಡಲು ಕೂತಾಗ ಆ ನಗು ಇಂಗಿಹೋಯಿತು.

"ಮತ್ತೆ ಯಾಕೆ? ಹೋಗಿ ಬಂದಾಯ್ತಲ್ಲ," ಎಂದಳು ಚೋಟು. "ಬೆಟ್ಟ ನೋಡಿದ್ವಿ, ಕೆರೆ ನೋಡಿದ್ವಿ. ಸಾಕು. ನಾನು ಬರಲ್ಲ."

ಅದು ಆಟ, ಇದು ನಿಜ ಎಂದರು. ಬಿಸ್ಕತ್ತು ತೋರಿಸಿದರು, ಗದರಿದರು. ಊಹೂಂ, ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

"ಬಿಡು, ಮುಂದಿನ ವರ್ಷ ನೋಡೋಣ," ಎಂದ ಬೇಕರಿಯವನು. "ಎಳ್ಕೊಂಡು ಹೋದ್ರೆ ಮೊದಲನೇ ಸ್ಟೇಷನ್‌ನಲ್ಲೇ ಇಳೀಬೇಕಾಗುತ್ತೆ." ಹೇಳಿದವನೇ ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಟೈಲರಮ್ಮ ನೆಲದ ಮೇಲೆ ಹರಡಿದ್ದ ಥಾನನ್ನು ಸುತ್ತತೊಡಗಿದಳು. ತಾನೇ ಹೊಲಿದ ಅಂಗಿ ತನ್ನ ಕುತ್ತಿಗೆಗೇ ಬಿಗಿಯಾಯಿತಲ್ಲ ಎಂದು ದುಃಖ ಒತ್ತರಿಸಿ ಬಂತು. ಸೆರಗು ಗಿರಗು ನೋಡದೆ ಹಸಿರು ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

"ಯಾಕಮ್ಮ ಅಳ್ತೀಯ?"

"ನೀವಿಬ್ರು ಹೋಗಿ ಬಂದ್ರಿ ಕಣೆ. ನಾನೆಲ್ಲಿ ಹೋದೆ? ನಾನು ರೈಲು ಹತ್ತಲೇ ಇಲ್ಲ."

ಚೋಟು ಅಮ್ಮನ ಕೈಯಲ್ಲಿದ್ದ ಹಸಿರು ಬಟ್ಟೆಯನ್ನು ನೋಡಿದಳು. ಟಿಕೆಟಿನವಳು, ಬಾಳೆಹಣ್ಣಿನವಳು, ಮೀಸೆಯ ಆಫೀಸರು, ಎಲ್ಲರನ್ನೂ ಒಬ್ಬೊಬ್ಬರಾಗಿ ನೆನೆಸಿಕೊಂಡಳೋ ಏನೋ. ಅಮ್ಮ ಕೂತಿದ್ದ ಕುರ್ಚಿ ಯಾವುದೆಂದು ನಡುಮನೆಯನ್ನೆಲ್ಲ ಹುಡುಕಿ ನೋಡಿದಳು. ಅಂಥ ಕುರ್ಚಿ ಇರಲೇ ಇಲ್ಲ.

ಅವಳು ಸೋಫಾ ಹತ್ತಿ ಅಪ್ಪನ ಭುಜ ಅಲುಗಿಸಿದಳು.

"ಅಪ್ಪಾ, ಏಳು. ಅಮ್ಮನ್ನ ಬಿಟ್ಟೇ ಹೋಗ್ಬಿಟ್ಟಿದ್ವಿ ನಾವು. ಟಿಕೆಟ್ ತಗೋ."

ಬೇಕರಿಯವನು ಗಡಬಡಿಸಿ ಎದ್ದು ಹೆಂಡತಿಯ ಮುಖ ನೋಡಿದ. ಚೋಟು ಆಗಲೇ ಕೆಳಗಿಳಿದು ಬಂದು ಅಮ್ಮನ ಕೈಹಿಡಿದು ನಿಂತಿದ್ದಳು.

"ನೀನು ಹೆದರ್ಬೇಡಮ್ಮ," ಎಂದಳು. "ನಂಗೆ ದಾರಿ ಗೊತ್ತು."