ಏಳದವರನ್ನು ಎಬ್ಬಿಸುವ ಸೀಡಿ

ನಾನು ಒಂದು ಸೀಡಿ. ಹುಟ್ಟಿದ್ದು ಗದಗಿನಲ್ಲಿ, ಶಬಾನಾಳ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ. ಖಾಲಿ ತಟ್ಟೆಯಾಗಿದ್ದ ನನ್ನ ಬೆನ್ನ ಮೇಲೆ ಅವಳು ಏಳು ನಿಮಿಷ ಲೇಸರ್ ಹಾಯಿಸಿ, ಕಂಪ್ಯೂಟರ್ ನಡೆಸುವಷ್ಟು ಬುದ್ಧಿ ಬರೆದಳು. ಹಣೆಯ ಮೇಲೆ ಹಸಿರು ಸ್ಕೆಚ್ ಪೆನ್ನಿನಲ್ಲಿ 'ಎಬ್ಬಿಸೋದು' ಎಂದು ಗೀಚಿದಳು.

ನನ್ನ ಕಸುಬು ಮಿಮಿಕ್ರಿ. ಏಳಲಾರದ ಕಂಪ್ಯೂಟರಿನ ಬಾಯಿಗೆ ನನ್ನನ್ನಿಟ್ಟರೆ, ಅದೇ ಎದ್ದು ಕೂತ ಹಾಗೆ ನಟಿಸುತ್ತೇನೆ. ಆ ಹೊತ್ತಿನಲ್ಲಿ ಅದರ ಹೊಟ್ಟೆಯಲ್ಲಿರುವುದನ್ನು ಹೊರಗೆ ತೆಗೆದಿಡಬಹುದು. ಕೆಲಸ ಮುಗಿಯಿತೋ, ಮೊದಲು ಹೊರಬೀಳುವುದು ನಾನೇ. ಉಳಿದ ಕಾಲವೆಲ್ಲ ಡ್ರಾಯರು, ಸ್ಕ್ರೂಗಳು, ಹಲ್ಲಿ ಮೊಟ್ಟೆ.

ಒಂದು ದಸರೆ ಕಳೆದ ಮೇಲೆ ಕಸ್ತೂರೆವ್ವ ಸಿಪಿಯು ಹೊತ್ತು ಬಂದಳು. ಹಿಂದೆ ಗಂಡ ಫಕೀರಪ್ಪ, ಕುತ್ತಿಗೆಗೆ ಮಫ್ಲರ್. ಗಣಪತಿ ಪೆಂಡಾಲಿನಲ್ಲಿ ಮಿಮಿಕ್ರಿ ಅಂದರೆ ಅವನೇ ಎನ್ನುವ ಕಾಲವಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಗಿತ್ತು. ಮೊದಲು ರೆಕಾರ್ಡ್ ಮಾಡಿಟ್ಟ ದನಿಯೆಲ್ಲ ಆ ಕಂಪ್ಯೂಟರಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ.

ಶಬಾನಾ ಡಬ್ಬಿ ಬಿಚ್ಚಿದಳು. ಫ್ಯಾನಿನ ರೆಕ್ಕೆಯಲ್ಲಿ ಅರಿಶಿನ ಹಚ್ಚಿದ ಅಕ್ಕಿಕಾಳು ಸಿಕ್ಕಿಬಿದ್ದಿದ್ದವು.

"ಕಾಕಿ, ಇದಕ್ಕ ಊಟಾ ಹಾಕೀರೇನು?"

"ಖಂಡೇಪೂಜಿ ದಿನಾ ಅಕ್ಷತಿ ಹಾಕಿದ್ನಿ ಯವ್ವಾ. ಇವರ ಆಯುಧಾ ಇದೇ ಅಲ್ಲೇನು?"

"ಚಾಲೂ ಇದ್ದಾಗ?"

"ಬಂದ್ ಇದ್ದದ್ದಕ್ಕ ಪೂಜಿ ಮಾಡಿದ್ರ ದೇವ್ರಿಗೆ ಹ್ಯಾಂಗ ಗೊತ್ತಾಗಬೇಕು?"

ಫಕೀರಪ್ಪನ ಹೆಗಲು ಕುಲುಕಿತು. ನಗುತ್ತಿದ್ದ. ಸದ್ದಿರಲಿಲ್ಲ.

ಫ್ಯಾನು ನಿಂತು, ಕಾದು, ಯಂತ್ರ ಅರ್ಧದಲ್ಲೇ ಆರಿಹೋಗಿತ್ತು. ಅಂದಿನಿಂದ ಬರೀ ಕಪ್ಪು ಪರದೆ. ಶಬಾನಾ ಕಾಳು ತೆಗೆದು ನನ್ನನ್ನು ಒಳಗಿಟ್ಟಳು. ಕೊರ್ರ್ ಎಂದು ತಿರುಗಿದೆ. ಪರದೆ ಬೆಳಗಿತು. ಕಾಗೆ, ಬಸ್ ಕಂಡಕ್ಟರ್, ಆಸ್ಪತ್ರೆ ನರ್ಸ್, ಕೆಟ್ಟ ಮೈಕ್, ಎಲ್ಲರೂ ಫೈಲಿನ ಹೆಸರುಗಳಾಗಿ ಸಾಲಾಗಿ ಬಂದು ನಿಂತರು. ಅವರನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಂಡು ಶಬಾನಾ ಒಂದೊಂದೇ ಹಚ್ಚಿದಳು. ಕಾಗೆ ಕೂಗಿತು. ಕಂಡಕ್ಟರ್ ಚಿಲ್ಲರೆ ಕೇಳಿ ಬೈದ. ಶಬಾನಾ ನಕ್ಕಳು. ಕಸ್ತೂರೆವ್ವ ನಗಲಿಲ್ಲ.

"ಇವೆಲ್ಲಾ ಮಂದಿ ದನಿ. ಇವರದು ಎಲ್ಲೈತಿ?"

ಹುಡುಕಿದರು. ನಲವತ್ತು ಕೇಳಿದರೂ ಇಲ್ಲ. ಫಕೀರಪ್ಪ ನೆಲ ನೋಡುತ್ತ ಕೂತ. ಕೊನೆಗೆ 'ಕೆಟ್ಟ ಮೈಕ್' ಹಚ್ಚಿದಾಗ, ಗೊರಗೊರ ಶುರುವಾಗುವ ಮೊದಲು ಒಂದು ಸಾದಾ ಗಂಡು ದನಿ ಬಂತು:

"ಕಸ್ತೂರಿ, ಕುಕ್ಕರ್ ಸೀಟಿ ಹೊಡ್ಯಾಕತ್ತೈತಿ. ಒಲಿ ಸಣ್ಣ ಮಾಡು, ರೆಕಾರ್ಡ್ ಹಾಕೀನಿ."

"ಮಾಡೇನ್ರಿ," ಎಂದಳು ಕಸ್ತೂರೆವ್ವ, ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲಿಂದಲೇ. ಫಕೀರಪ್ಪ ಅವಳ ಕೈ ಹಿಡಿದುಕೊಂಡ.

ನನ್ನನ್ನು ಹೊರಗೆ ತೆಗೆದರು. ಮುಂದೇನಾಯಿತೋ ಡ್ರಾಯರಿಗೆ ತಿಳಿಯುವುದಿಲ್ಲ.

ಈಗಿನ ಕಂಪ್ಯೂಟರುಗಳಿಗೆ ನನ್ನನ್ನು ಇಡುವ ಬಾಯಿಯೇ ಇಲ್ಲ. ಎಬ್ಬಿಸುವ ಕೆಲಸ ಪೆನ್‌ಡ್ರೈವಿನ ಪಾಲಾಗಿದೆ. ಪಾರಿವಾಳ ಬರದಿರಲೆಂದು ಶಬಾನಾ ನನ್ನನ್ನು ದಾರಕ್ಕೆ ಕಟ್ಟಿ ಕಿಟಕಿಗೆ ತೂಗುಹಾಕಿದ್ದಾಳೆ. ಅವೂ ಹತ್ತಿರ ಬರುವುದಿಲ್ಲ. ಆಗಾಗ ಫಕೀರಪ್ಪ ನೆನಪಾಗುತ್ತಾನೆ. ಊರಿನ ಕಂಪ್ಯೂಟರುಗಳಂತೆಲ್ಲ ನಟಿಸಿದ ನನಗೂ ಸ್ವಂತದ್ದೆಂದು ಇದ್ದದ್ದು ತಿರುಗುವಾಗಿನ ಆ ಕೊರ್ರ್ ಒಂದೇ. ಗಾಳಿ ಬಂದಾಗ ಇಲ್ಲಿಯೂ ತಿರುಗುತ್ತೇನೆ. ಸದ್ದು ಬರುವುದಿಲ್ಲ.