ನೂರಕ್ಕೆ ಇಪ್ಪತ್ತೇಳು

ಆ ಮನೆಯಲ್ಲಿ ಅಂದಾಜು ಅನ್ನುವ ಮಾತಿಗೆ ಹಿರಿಮಗಳೇ ಯಜಮಾನಿ. ವಿಮಾನ ನಿಲ್ದಾಣದಲ್ಲಿ ಅವಳ ಕೆಲಸ. ಬೆಳಗಾದರೆ ತಾರಸಿ ಹತ್ತಿ, ದುರ್ಬೀನು ಹಿಡಿದು, ಎಷ್ಟು ಹಕ್ಕಿ, ಎಷ್ಟು ಎತ್ತರ, ಯಾವ ಕಡೆಗೆ ಎಂದು ಬರೆದುಕೊಳ್ಳುವುದು. ಮಧ್ಯಾಹ್ನ ಕೆಳಗಿಳಿದು, ಹತ್ತು ಸಾವಿರ ವಿಮಾನ ಹಾರಿದರೆ ಎಷ್ಟಕ್ಕೆ ಹಕ್ಕಿ ಬಡಿದೀತು ಎಂದು ಲೆಕ್ಕ ಕಟ್ಟುವುದು. ಬೀದಿಯವರು ಅವಳನ್ನು ಹಕ್ಕಿ ಲೆಕ್ಕದವಳು ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಲೆಕ್ಕ ತಪ್ಪಿದ್ದು ಒಂದೇ ಸಲ, ಅದೂ ದುರ್ಬೀನಿನ ಗಾಜು ಬಿರುಕು ಬಿಟ್ಟಿದ್ದರಿಂದ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳಲಿ, ಯಾರು ಬೇಡ ಅಂದರು.

ಅವಳ ಅಪ್ಪ ಮೂವತ್ತಾರು ವರ್ಷ ಅಂಚೆ ಹಂಚಿದವರು. ನಿವೃತ್ತಿಯಾಗಿ ಹತ್ತು ವರ್ಷಕ್ಕೆ ತಲೆ ಕೈಕೊಟ್ಟಿತು. ಮೊದಲು ಮಗನ ಹೆಸರು ಮರೆತರು, ಆಮೇಲೆ ಊಟ ಮಾಡಿದ್ದು. ಕೈಗೆ ಮಾತ್ರ ಹಳೆಯ ಕೆಲಸ ನೆನಪಿತ್ತು. ಬಚ್ಚಲಮನೆಯ ಬಾಗಿಲು ಹಾಕಿದ್ದರೆ ಮೂರು ಸಲ ತಟ್ಟುವರು. ಸ್ವಲ್ಪ ಕಾಯುವರು. ತೆಗೆಯದಿದ್ದರೆ ಕಿವಿಯ ಮೇಲಿನ ಪೆನ್ಸಿಲು ತೆಗೆದು, ಕೈಗಡಿಯಾರ ನೋಡಿ ಸಿಕ್ಕಿದ ಚೀಟಿಯ ಮೇಲೆ ಹೊತ್ತು ಬರೆದು, ‘ಬಾಗಿಲು ಹಾಕಿತ್ತು. ನಾಳೆ ಬರುತ್ತೇನೆ’ ಎಂದು ಸಂದಿಯಲ್ಲಿ ಸಿಕ್ಕಿಸಿ ಹೊರಟುಬಿಡುವರು. ಒಳಗಿಂದ ಅಮ್ಮ ನೆನೆದ ಕೂದಲಲ್ಲೇ ಬಂದು, “ಸ್ನಾನಕ್ಕೂ ಚೀಟಿ ಕೊಡ್ತೀರಲ್ರೀ” ಎಂದು ನಗುತ್ತಿದ್ದಳು. ಅಂಥ ಚೀಟಿಗಳನ್ನು ಅವಳು ಸಕ್ಕರೆ ಡಬ್ಬಿಯ ಹಿಂದೆ ಕೂಡಿಟ್ಟಿದ್ದಳು.

ಚಳಿಗಾಲದ ಒಂದು ಬೆಳಿಗ್ಗೆ ಅಮ್ಮ ಹಾಲು ಕಾಯಿಸಿ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಗೇಟು ತೆರೆದಿತ್ತು. ಸ್ವೆಟರು ಮೊಳೆಯ ಮೇಲೇ ಇತ್ತು.

“ಈ ಚಳಿಗೆ, ಆ ವಯಸ್ಸಿಗೆ, ಕತ್ತಲಾಗೋದ್ರೊಳಗೆ ಸಿಗ್ಬೇಕು ನೋಡಿ,” ಎಂದು ಠಾಣೆಯಲ್ಲಿ ಹೇಳಿದರು. ಅಷ್ಟು ಹೇಳುವುದಕ್ಕೆ ಠಾಣೆ ಬೇಕಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಮಗಳು ಅಡುಗೆಮನೆಯ ಮೇಜಿನ ಮೇಲೆ ಊರಿನ ನಕ್ಷೆ ಹರಡಿದ್ದಳು. ಬಸ್ಸು ರಿಪೇರಿ ಮಾಡುವ ತಮ್ಮ ಗ್ರೀಸು ಕೈಯಲ್ಲೇ ಓಡಿಬಂದಿದ್ದ. ಬೀದಿಯ ಹತ್ತು ಹನ್ನೆರಡು ಜನ ಗೇಟಿನಲ್ಲಿ ನಿಂತಿದ್ದರು. ಎದುರುಮನೆಯ ಗಡಿಯಾರ ರಿಪೇರಿಯವನು ಅಂಗಡಿಯ ಬಾಗಿಲು ಎಳೆದು ಬಂದಿದ್ದ. ಅವಳು ಎಲ್ಲರಿಗೂ ಒಂದೊಂದು ಭಾಗ ಹಂಚಿದಳು. ಆಮೇಲೆ ಬಾಗಿಲ ಮೆಟ್ಟಿಲಿನ ಮೇಲೆ ಕೂತಿದ್ದ ಅಮ್ಮನ ಕಡೆ ತಿರುಗಿದಳು.

“ಏಳಮ್ಮ. ಮಾರ್ಕೆಟ್ ಕಡೆ ನಿನ್ನ ಪಾಲು.”

“ನಾನು ಇಲ್ಲೇ ಇರ್ತೀನಿ. ಅವರು ಬಂದ್ರೆ?”

“ಮನೆ ಎಲ್ಲಿದೆ ಅಂತ ನೆನಪಿದ್ರೆ ತಾನೇ ಬರೋದು? ನೋಡಮ್ಮ, ನಾವು ಕೂತಿದ್ದು ಅಪ್ಪ ಒಬ್ರೇ ತಿರುಗಾಡ್ತಿದ್ರೆ, ಎದುರಾಗೋ ಸಾಧ್ಯತೆ ನೂರು ಅಂತಿಟ್ಕೋ. ನಾವೂ ತಿರುಗಾಡಿದ್ರೆ ನೂರಿಪ್ಪತ್ತೇಳು. ಇದು ಹಕ್ಕಿ ಬಡಿಯೋ ಲೆಕ್ಕದ ಸೂತ್ರ, ನನ್ನ ಮಾತಲ್ಲ.”

“ನಿಮ್ಮಪ್ಪ ಹಕ್ಕಿ ಅಲ್ವಲ್ಲೇ.”

“ಅಕ್ಕ, ಒಬ್ರು ಮನೇಲಿರ್ಲಿ ಬಿಡು,” ಎಂದ ತಮ್ಮ.

“ನಿನಗೆ ನಟ್ಟು ಬೋಲ್ಟು ಗೊತ್ತು, ಅದನ್ನ ನೋಡ್ಕೋ. ನೂರಕ್ಕೆ ಇಪ್ಪತ್ತೇಳು ಸುಮ್ನೆ ಬಿಟ್ಬಿಡೋದಾ, ಇಂಥ ಹೊತ್ನಲ್ಲಿ?”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳಿಗೂ ಭಯವಿತ್ತು ಅನ್ನಿ. ಆ ಭಯಕ್ಕೆ ಹಿಡಿದುಕೊಳ್ಳಲು ಅವಳ ಬಳಿ ಇದ್ದದ್ದು ಆ ಸಂಖ್ಯೆ ಒಂದೇ. ಅಮ್ಮ ಎದ್ದು ಚಪ್ಪಲಿ ಮೆಟ್ಟಿದಳು.

“ಬಾಗಿಲಾದ್ರೂ ತೆಗೆದಿಟ್ಟು ಬರ್ತೀನಿ.”

“ಬೀದೀಲಿ ಒಬ್ರೂ ಇರಲ್ಲ. ಕಳ್ಳರಿಗೆ ಎಲೆ ಹಾಕಿ ಬಡಿಸ್ತೀಯಾ? ಬೀಗ ಹಾಕು.”

ಅಮ್ಮ ಬೀಗ ಹಾಕಿ, ಒಂದು ಸಲ ಎಳೆದು ನೋಡಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೀದಿಗೆ ಬೀದಿಯೇ ಹೊರಟಿತು.

ದಿನವಿಡೀ ನಡೆದರು. ಮಗಳು ರೈಲ್ವೆ ನಿಲ್ದಾಣ, ಆಸ್ಪತ್ರೆ, ಹಳೆಯ ಅಂಚೆ ಕಚೇರಿ ಎಲ್ಲ ಸುತ್ತಿದಳು. ಫೋಟೋ ತೋರಿಸಿ ತೋರಿಸಿ ಅದರ ಅಂಚು ಮೆತ್ತಗಾಯಿತು. ಕ್ಷೌರದಂಗಡಿಯವನು ನೋಡಿದ ಹಾಗಿದೆ ಅಂದ, ಆಮೇಲೆ ಅವರಿಗೆ ಮೀಸೆ ಇತ್ತು ಅಂದ. ಅಪ್ಪನಿಗೆ ಮೀಸೆ ಇರಲಿಲ್ಲ. ಬೀದಿ ದಾಟಿದಾಗಲೆಲ್ಲ ಅವಳು ನಕ್ಷೆಯ ಮೇಲೆ ಗೆರೆ ಎಳೆದಳು. ಗೆರೆ ಹೆಚ್ಚಿದಷ್ಟೂ ಅವಳಿಗೆ ಧೈರ್ಯ ಬರುತ್ತಿತ್ತು, ಅದೊಂದು ಹುಚ್ಚು ಧೈರ್ಯ.

ಐದು ಗಂಟೆಗೆ ಅಮ್ಮನಿಗೆ ಕಾಲು ಬಾತು ನಡೆಯಲಾಗಲಿಲ್ಲ. ಮಗಳು ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಬಂದಳು. ಅಮ್ಮ ಕೀಲಿ ತೆಗೆದು ಬೀಗಕ್ಕೆ ಹಾಕಲು ಬಗ್ಗಿದವಳು ಹಾಗೇ ನಿಂತಳು.

ಬಾಗಿಲ ಸಂದಿಯಲ್ಲಿ ಚೀಟಿ ಇತ್ತು. ಯಾವುದೋ ಸಿಗರೇಟು ಪೊಟ್ಟಣ ಹರಿದು ಬಿಡಿಸಿದ ರಟ್ಟು. ಅಮ್ಮನ ಹತ್ತಿರ ಕನ್ನಡಕವಿರಲಿಲ್ಲ, ಓದಬೇಕಾಗಿಯೂ ಇರಲಿಲ್ಲ. ಅದನ್ನು ಮಗಳ ಕೈಗೆ ಕೊಟ್ಟಳು.

‘ಮೂರು ನಲವತ್ತು. ಬಾಗಿಲು ಹಾಕಿತ್ತು. ನಾಳೆ ಬರುತ್ತೇನೆ.’

“ಮೂರು ಸಲ ತಟ್ಟಿರ್ತಾರೆ,” ಎಂದಳು ಅಮ್ಮ. “ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ವಿ.” ಬೈದಿದ್ದರೆ ಮಗಳಿಗೆ ಎಷ್ಟೋ ವಾಸಿಯಾಗುತ್ತಿತ್ತು. ಅಮ್ಮ ಬೀಗ ತೆಗೆದು ಒಳಗೆ ಹೋಗಿ ಮೊಳೆಯ ಮೇಲಿನ ಸ್ವೆಟರನ್ನು ತಂದು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು.

ಮಗಳು ಓಡಿದಳು. ಮೂರು ನಲವತ್ತರಿಂದ ಐದು. ಅಪ್ಪನ ನಡಿಗೆಯಲ್ಲಿ ಹೆಚ್ಚೆಂದರೆ ನಾಲ್ಕು ಕಿಲೋಮೀಟರು, ಸುತ್ತಲೂ ನಾಲ್ಕು. ಆರಕ್ಕೆ ಅದು ಏಳಾಯಿತು, ಹುಡುಕಬೇಕಾದ ಜಾಗ ಮೂರರಷ್ಟಾಯಿತು. ಜನ ಅಷ್ಟೇ. ಈ ಲೆಕ್ಕವೂ ಅವಳಿಗೆ ಬಾಯಿಪಾಠ, ಏನು ಮಾಡುವುದು. ಕತ್ತಲಾಯಿತು.

ಮರುದಿನ ಬಾಗಿಲು ಹಾರುಹೊಡೆದಿತ್ತು. ಅಮ್ಮ ಮೆಟ್ಟಿಲ ಮೇಲೆ, ತಮ್ಮ ಗೇಟಿನಲ್ಲಿ, ಗಡಿಯಾರದವನು ಅಂಗಡಿಯ ಕಿಟಕಿಯಲ್ಲಿ. ಮೂವತ್ತಾರು ವರ್ಷದಲ್ಲಿ ನಾಳೆ ಬರುತ್ತೇನೆ ಎಂದು ಬರೆದುಕೊಟ್ಟ ಯಾವ ಮನೆಗೂ ಅಪ್ಪ ಹೋಗದೆ ಇದ್ದದ್ದಿಲ್ಲ. ಅವತ್ತು ಬರಲಿಲ್ಲ. ನಾಲ್ಕನೆಯ ದಿನ ನಾಲೆಯ ಮೆಟ್ಟಿಲ ಮೇಲೆ ಅಪ್ಪನ ಒಂದು ಚಪ್ಪಲಿ ಸಿಕ್ಕಿತು, ಎಡಗಾಲಿನದು. ನೀರಿಗಿಳಿದವರಿಗೆ ಏನೂ ಸಿಗಲಿಲ್ಲ; ನೀರು ಜೋರಾಗಿದೆ, ಮುಂದೆ ಅಣೆಕಟ್ಟಿನವರೆಗೂ ಹೋಗಿರಬಹುದು ಅಂದರು. ಹನ್ನೊಂದನೆಯ ದಿನ ಹುಡುಕುವುದನ್ನು ನಿಲ್ಲಿಸಿದರು.

ಮಗಳು ಕೆಲಸಕ್ಕೆ ಹೋದಳು. ತಾರಸಿ ಹತ್ತಿದಳು, ಬರೆದುಕೊಂಡಳು. ಮಧ್ಯಾಹ್ನ ಹಳೆಯ ಸೂತ್ರವನ್ನು ಎದುರಿಗಿಟ್ಟುಕೊಂಡು ಕೂತಾಗ ಇಷ್ಟು ವರ್ಷ ಕಾಣದ್ದು ಕಂಡಿತು. ಅದರಲ್ಲಿ ಹಕ್ಕಿಗೆ ವೇಗವಿತ್ತು, ದಿಕ್ಕಿತ್ತು, ರೆಕ್ಕೆಯ ಅಗಲವಿತ್ತು. ಗೂಡಿರಲಿಲ್ಲ. ಎಲ್ಲಿಗೂ ಹೋಗಬೇಕಿಲ್ಲದವರಿಗಾಗಿ ಮಾಡಿದ ಲೆಕ್ಕ ಅದು. ‘ಅವರು ಬಂದ್ರೆ?’ ಎಂದು ಅಮ್ಮ ಒಂದೇ ಮಾತಿನಲ್ಲಿ ಅದನ್ನು ಹೇಳಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳು ಕಚೇರಿಯ ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಸಂಜೆ ಮನೆಗೆ ಬಂದರೆ ಅಮ್ಮ ಮೆಟ್ಟಿಲ ಮೇಲೇ ಇದ್ದಳು. ಹಿಂದೆ ಬಾಗಿಲು ತೆರೆದೇ ಇತ್ತು, ಒಳಗಿನ ಕೋಣೆಯೂ ಬೀದಿಯಷ್ಟೇ ತಣ್ಣಗಿತ್ತು. ಸ್ವೆಟರು ಮಡಿಲಲ್ಲಿತ್ತು.

“ಒಳಗೆ ಬಾಮ್ಮ.”

ಅಮ್ಮ ಏಳಲಿಲ್ಲ. “ನೀನು ಲೆಕ್ಕದವಳು. ಹೇಳು ನೋಡೋಣ. ಇನ್ನು ಬರೋದು ನೂರಕ್ಕೆ ಎಷ್ಟು?”

ಅಮ್ಮ ಇದುವರೆಗೆ ಒಂದು ದಿನವೂ ಅವಳ ಲೆಕ್ಕ ಕೇಳಿದವಳಲ್ಲ. ಮಗಳಿಗೆ ಉತ್ತರ ಗೊತ್ತಿತ್ತು. ಚಪ್ಪಲಿ ಸಿಕ್ಕ ದಿನವೇ ಗೊತ್ತಾಗಿತ್ತು, ಅದಕ್ಕೆ ಕಾಗದ ಪೆನ್ಸಿಲು ಬೇಕಿರಲಿಲ್ಲ.

“ಇಪ್ಪತ್ತೇಳು,” ಅಂದಳು.

ಅಮ್ಮ ಅವಳ ಮುಖ ನೋಡಿದಳು. ಸುಳ್ಳು ಹೇಳುವಾಗ ಮಗಳು ಚಿಕ್ಕಂದಿನಿಂದಲೂ ಕೆಳತುಟಿ ಕಚ್ಚುತ್ತಿದ್ದಳು, ಅದು ಹೆತ್ತವಳಿಗೆ ಗೊತ್ತಿಲ್ಲವೆ.

“ಹಾಗಾದ್ರೆ ಚಳಿ ಅಂತ ಬಾಗಿಲು ಹಾಕ್ಬೇಡ,” ಎಂದು ಹೇಳಿ, ಪಕ್ಕಕ್ಕೆ ಸರಿದು ಅವಳಿಗೂ ಕೂರಲು ಜಾಗ ಮಾಡಿಕೊಟ್ಟಳು.