ಹತ್ತು ಹೋಗುತ್ತೆ ಎಂದವಳು

ಐದು ಸ್ಥಾನ ಕಡಿಮೆಯಾಗಿ ಶಾಸನಸಭೆಯಲ್ಲಿ ಬಹುಮತ ಕಳೆದುಕೊಂಡಿದ್ದ ಪಕ್ಷ, ಚುನಾವಣೆಗೆ ಎರಡು ತಿಂಗಳಿರುವಾಗ ಸಮೀಕ್ಷೆ ಮಾಡಿಸಿತು. ಕೆಲಸ ಬಿದ್ದದ್ದು ಪಕ್ಷದ ಕಚೇರಿಯ ಟೈಪಿಸ್ಟಮ್ಮನ ತಲೆಗೆ. "ನನ್ನ ಮುಖ ನೋಡಿ ಹೇಳೋದು ಬೇಡಮ್ಮ, ಇದ್ದದ್ದು ಇದ್ದ ಹಾಗೆ ಹೇಳು" ಎಂದಿದ್ದರು ಅಧ್ಯಕ್ಷರು.

ಆಕೆ ಮೂರು ವಾರ ಕಿವಿ ಕೆಂಪಾಗುವವರೆಗೆ ಮತದಾರರಿಗೆ ಫೋನ್ ಮಾಡಿದಳು. ಬೈದವರ ಮಾತನ್ನೂ ಬಿಡದೆ ಬರೆದುಕೊಂಡಳು. ಕೊನೆಗೆ ಅಧ್ಯಕ್ಷರ ಕೋಣೆಗೆ ಹೋಗಿ, "ಆ ಐದು ವಾಪಸ್ ಬರಲ್ಲ ಸಾರ್. ಇನ್ನೂ ಹತ್ತು ಹೋಗುತ್ತೆ" ಎಂದಳು.

ಅಧ್ಯಕ್ಷರ ಮುಖ ಸಪ್ಪಗಾಯಿತು. ಪಕ್ಕದಲ್ಲಿದ್ದ ಪಕ್ಷದ ಕಾರ್ಯದರ್ಶಿ ಮಾತ್ರ ಎದೆಗುಂದಲಿಲ್ಲ. "ಜನ ಸರಿಯಾಗೇ ಇದ್ದಾರೆ ಸಾರ್, ನಾವು ಕೇಳಿದ್ದೇ ತಪ್ಪು" ಎಂದವರು, 'ಯಾರಿಗೆ ಓಟು ಹಾಕುತ್ತೀರಿ' ಎಂಬ ಪ್ರಶ್ನೆ ಹೊಡೆದುಹಾಕಿ 'ಒಳ್ಳೆಯ ಸರ್ಕಾರ ಬೇಕೇ' ಎಂದು ಬರೆದುಕೊಟ್ಟರು. ಈ ಸಲ ಫೋನ್ ಮಾಡಿದಾಗ ನೂರಕ್ಕೆ ತೊಂಬತ್ತಾರು ಮಂದಿ 'ಬೇಕು' ಎಂದರು. ಆ ಸಂಖ್ಯೆ ಊರಿನ ಗೋಡೆಗಳನ್ನೆಲ್ಲ ಏರಿತು. ಯಾರಿಗೆ ಯಾವ ಖಾತೆ ಎಂಬ ಜಗಳವೂ ಶುರುವಾಯಿತು.

ಫಲಿತಾಂಶ ಬಂದಾಗ ಸರಿಯಾಗಿ ಹತ್ತು ಸ್ಥಾನ ಹೋಗಿದ್ದವು. ಮರುದಿನ ಬೆಳಿಗ್ಗೆ ಅಧ್ಯಕ್ಷರು ಟೈಪಿಸ್ಟಮ್ಮನನ್ನು ಕರೆಸಿದರು. ಹೊಗಳುತ್ತಾರೆಂದುಕೊಂಡು ಆಕೆ ತಲೆಗೂದಲು ಸರಿಮಾಡಿಕೊಂಡು ಹೋದಳು.

"ಹತ್ತೇ ಹೋಗುತ್ತೆ ಅಂತ ನಿನಗೆ ಮೊದಲೇ ಹೇಗೆ ಗೊತ್ತಾಯ್ತು? ಆ ಕಡೆಯವರಲ್ಲಿ ಯಾರು ಹೇಳಿದ್ದು?"

"ಜನ ಹೇಳಿದ್ರು ಸಾರ್."

ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿದರು. "ನೋಡಿದ್ರಾ, ಜನರ ಜೊತೆ ಸೇರಿಕೊಂಡಿದ್ದಾಳೆ."

ವಿಚಾರಣೆ ಮುಗಿಯುವವರೆಗೆ ಆಕೆಯನ್ನು ಅಮಾನತಿನಲ್ಲಿಟ್ಟರು. ಸೋಲಿನ ಕಾರಣ ಹುಡುಕುವ ಸಮಿತಿಗೆ ಕಾರ್ಯದರ್ಶಿಯೇ ಮುಖ್ಯಸ್ಥರಾದರು. ಆಕೆ ಮನೆಗೆ ಹೋಗಿ, ಎಷ್ಟೋ ದಿನಗಳ ಮೇಲೆ ಮಧ್ಯಾಹ್ನ ಹಾಯಾಗಿ ನಿದ್ದೆ ಮಾಡಿದಳು.